ವಾಹನದ ಅಡಿಲೇಪವೂ ವ್ಯಾಪಾರಿಯ ಸತ್ಯವೂ

ಕಣ್ಣಿಗೆ ಕಾಣುವ ಭಾಗವನ್ನು ತೊಳೆದು ಒರೆಸಿ ಹೊಳಪಿಡುವವರು ಬಹಳ ಮಂದಿ. ಕಾಣದ ಭಾಗವನ್ನು ಬಗ್ಗಿ ನೋಡುವವರು ವಿರಳ. ಮನೆಗೆ, ಅಂಗಡಿಗೆ, ಮನುಷ್ಯನ ನಡತೆಗೆ ಅನ್ವಯಿಸುವ ಈ ಮಾತು ಮನೆಯಂಗಳದಲ್ಲಿ ನಿಂತಿರುವ ಕಾರಿಗೂ ಅನ್ವಯಿಸುತ್ತದೆ. ಕಾರಿನ ಮೇಲ್ಮೈಗೆ ಸಣ್ಣ ಗೀರು ಬಿದ್ದರೆ ಮನೆಮಂದಿಯೆಲ್ಲ ಮರುಗುತ್ತಾರೆ. ಅದರ ಅಡಿಭಾಗದಲ್ಲಿ ಹಲವು ಮಳೆಗಾಲಗಳ ತುಕ್ಕು ಕುಳಿತಿದ್ದರೂ ಅಲ್ಲಿ ಕಪ್ಪು ಲೇಪವೊಂದು ಇದೆಯೆಂಬ ಕಾರಣಕ್ಕೆ ಎಲ್ಲರೂ ನಿಶ್ಚಿಂತರು.

ಪುತ್ತೂರಿನಿಂದ ಸುಳ್ಯದ ಕಡೆಗೆ ಸಾಗುವ ಮಾಣಿ-ಮೈಸೂರು ಹೆದ್ದಾರಿಯಲ್ಲಿ ಕುಂಬ್ರವೆಂಬ ಪೇಟೆಯಿದೆ. ಬೆಳ್ಳಾರೆಯ ಕಡೆಗೆ ಹೋಗುವ ರಸ್ತೆ ಕವಲೊಡೆಯುವುದು ಇಲ್ಲಿಯೇ. ಸುತ್ತಲೂ ಅಡಿಕೆ, ತೆಂಗು ಮತ್ತು ರಬ್ಬರಿನ ತೋಟಗಳು. ಈ ಸೀಮೆಯಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ. ಹೆದ್ದಾರಿಯಿಂದ ತೋಟದ ಮನೆಗಳಿಗೆ ಇಳಿಯುವ ದಾರಿಗಳು ಹಲವೆಡೆ ಇಂದಿಗೂ ಕೆಂಪು ಮಣ್ಣಿನವು. ಚಕ್ರಗಳು ಎರಚುವ ಕೆಸರು ವಾಹನದ ಅಡಿಯ ಸಂದುಗೊಂದುಗಳನ್ನು ಸೇರಿ, ಬಿಸಿಲು ಬಂದ ಮೇಲೂ ಎಷ್ಟೋ ದಿನ ಒಳಗಿನ ತೇವವನ್ನು ಬಿಟ್ಟುಕೊಡುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಎರಡೇ ಸಾಕು. ಈ ಊರಿನಲ್ಲಿ ಎರಡಕ್ಕೂ ಬರವಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಅಂಡರ್ ಕೋಟಿಂಗ್ ಎಂದು ಗ್ಯಾರೇಜುಗಳಲ್ಲಿ ಕರೆಯಲ್ಪಡುವ ಅಡಿಲೇಪ. ಡಾಂಬರಿನ ಜಾತಿಯ ಬಿಟುಮೆನ್, ರಬ್ಬರ್ ಮಿಶ್ರಣ, ಮೇಣ, ಪಿವಿಸಿ ಎಂದು ಇದರಲ್ಲಿ ಹಲವು ಬಗೆಗಳಿವೆ. ಶುಚಿಯಾದ, ಒಣಗಿದ ತಗಡಿನ ಮೇಲೆ ಹಚ್ಚಿದಾಗ ಲೇಪವು ನೀರನ್ನು ದೂರವಿಡುತ್ತದೆ, ಕಲ್ಲಿನ ಏಟನ್ನು ತಡೆಯುತ್ತದೆ, ಸದ್ದನ್ನೂ ತಗ್ಗಿಸುತ್ತದೆ. ಆದರೆ ಅದಕ್ಕೂ ಆಯುಷ್ಯವುಂಟು. ವರ್ಷಗಳು ಕಳೆದಂತೆ ಬಿಟುಮೆನ್ ಗಡುಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಲೇಪಕ್ಕೂ ತಗಡಿಗೂ ನಡುವೆ ಹರಡಿಕೊಳ್ಳುತ್ತದೆ. ಹೊರಗಿನ ಗಾಳಿ ಬಿಸಿಲು ಅದನ್ನು ಮುಟ್ಟಲಾರವು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಲೇಪವನ್ನು ಇನ್ನಷ್ಟು ಮೇಲೆತ್ತಿ ನೀರಿಗೆ ಹೊಸ ದಾರಿ ಮಾಡಿಕೊಡುತ್ತದೆ. ರಕ್ಷಣೆಗೆಂದು ಬಂದದ್ದೇ ಹೀಗೆ ಭಕ್ಷಕನಿಗೆ ಮರೆಯಾಗುತ್ತದೆ. ಎಂದೂ ಕಳಚದ್ದನ್ನು ಕನ್ನಡದಲ್ಲಿ ವಜ್ರಲೇಪವೆನ್ನುವುದುಂಟು. ಡಾಂಬರಿನ ಲೇಪ ವಜ್ರಲೇಪವಲ್ಲ.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲೇ ಗೊನೆಗಳಿಗೆ ಬಿಡುತ್ತಾರೆ. ಸುಮಾರು 40ರಿಂದ 45 ದಿನಗಳಾದ ಮೇಲೆ ಮಳೆಯ ಹೊಳವು ನೋಡಿ ಮತ್ತೊಮ್ಮೆ ಬಿಡುತ್ತಾರೆ. ಆರೋಗ್ಯವಾಗಿರುವ ಕಾಯಿಗೆ ಅದು ಕವಚ. ಆಗಲೇ ಕೊಳೆತ ಕಾಯಿಯ ಮೇಲೆ ಎಷ್ಟು ಸಿಂಪಡಿಸಿದರೂ ಕೊಳೆತದ್ದು ಕೊಳೆತದ್ದೇ. ರೋಗ ಹಿಡಿದ ಗೊನೆಯನ್ನು ಮೊದಲು ತೆಗೆಯಬೇಕು, ಅನಂತರ ಉಳಿದದ್ದಕ್ಕೆ ಮದ್ದು. ತೋಟದಲ್ಲಿ ಇಷ್ಟು ತಿಳಿದವರೂ ಕಾರಿನ ವಿಷಯಕ್ಕೆ ಬಂದಾಗ ಹಳೆಯ ಲೇಪದ ಮೇಲೆಯೇ ಹೊಸ ಲೇಪ ಹೊಡೆಸಿ ಸಮಾಧಾನಪಡುತ್ತಾರೆ. ಅದರಲ್ಲಿಯೂ ವಾಹನವನ್ನು ಮಾರುವ ಹೊತ್ತಿಗೆ ಈ ಕೆಲಸಕ್ಕೆ ವಿಶೇಷ ಉತ್ಸಾಹ ಮೂಡುವುದುಂಟು. ಮೊದಲಿನದು ಅಜ್ಞಾನವಾದರೆ ಎರಡನೆಯದು ವಂಚನೆ. ಇವೆರಡರ ನಡುವಿನ ಗೆರೆ ತೀರ ತೆಳುವಾದುದು.

ಇಂತಹ ಒಂದು ಮನೆಯ ಸಂಗತಿಯನ್ನು ಉದಾಹರಣೆಗಾಗಿ ನೋಡಬಹುದು. ಕುಂಬ್ರದ ಆಸುಪಾಸಿನ ಒಬ್ಬ ಹಿರಿಯ ಅಡಿಕೆ ವ್ಯಾಪಾರಿ 2010ರಲ್ಲಿ ಕೊಂಡ ಸಣ್ಣ ಕಾರನ್ನು 2024ರ ಬೇಸಗೆಯಲ್ಲಿ ಮಾರಲು ನಿಶ್ಚಯಿಸಿದರು. ಖಾಸಗಿ ಕಾರಿನ ನೋಂದಣಿಯ ಅವಧಿ ಹದಿನೈದು ವರ್ಷ. ಬಳಿಕ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆ ಅವಧಿಗೆ ಮೊದಲೇ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂಬುದು ಮಗನ ಲೆಕ್ಕ. ಕೊಳ್ಳಲು ಮುಂದೆ ಬಂದವರು ಸಂಪಾಜೆ ಘಾಟಿಯ ದಾರಿಯಲ್ಲಿ ಮಡಿಕೇರಿಯ ಬಂಧುಗಳಲ್ಲಿಗೆ ಆಗಾಗ ಹೋಗಿಬರುವ ಒಂದು ಸಂಸಾರ. ಮನೆಯಲ್ಲಿ ಚಿಕ್ಕ ಮಕ್ಕಳು. ಅವರು ಕಾರನ್ನು ಓಡಿಸಿ ನೋಡಿ ಮೆಚ್ಚಿ, ಮುಂಗಡದ ಮಾತನ್ನೂ ಆಡಿ ಹೋಗಿದ್ದರು.

"ಅಪ್ಪ, ಕೆಳಗೆ ಇನ್ನೊಂದು ಕೋಟ್ ಹೊಡೆಸಿ ಕೊಟ್ಟುಬಿಡುವ. ಎಲ್ಲರೂ ಹಾಗೆಯೇ ಮಾಡುವುದಲ್ಲವಾ?" ಎಂದ ಮಗ.

"ಕೊಟ್ಟುಬಿಡಬಹುದು ಮಗ. ಕೆಳಗೆ ಹೇಗುಂಟು ಎಂದು ಅವರು ಕೇಳಿದರೆ ಏನು ಹೇಳುವುದು?"

"ಮೊನ್ನೆಯಷ್ಟೇ ಕೋಟಿಂಗ್ ಮಾಡಿಸಿದ್ದು ಎಂದು ಹೇಳುವ. ಅದು ಸುಳ್ಳಲ್ಲವಲ್ಲ!"

"ನೀನು ಹೇಳುವುದು ಸುಳ್ಳಲ್ಲ. ಅದನ್ನು ಕೇಳಿ ಅವರು ನಂಬುವುದು ಮಾತ್ರ ಸುಳ್ಳನ್ನೇ," ಎಂದರು ತಂದೆ.

ಕಾರು ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಅಡಿಗೆ ಹೋಗಿ ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ಬಡಿದು ನೋಡಿದ. ಲೇಪ ತಗಡಿಗೆ ಬಿಗಿಯಾಗಿ ಅಂಟಿದ್ದಲ್ಲಿ ಗಟ್ಟಿ ಸದ್ದು. ಅಂಟು ಬಿಟ್ಟಲ್ಲಿ ಒಡಕು ಮಡಕೆಯ ಸದ್ದು. ಅವನು ಹೊರಬಂದು, "ಧಣಿಗಳೇ, ಕೆರೆದರೆ ಏನು ಬರ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಕೆರೆಯದಿದ್ದರೆ ಎಲ್ಲ ಒಳ್ಳೆಯದೇ ಉಂಟು ಎಂದು ಗ್ರಹಿಸಿಕೊಳ್ಳಬಹುದು," ಎಂದು ನಕ್ಕ. ಹಿರಿಯರು ಕೆರೆಯಲು ಹೇಳಿದರು.

ಈ ಕೆರೆಯುವ ಕೆಲಸ ತಾಳ್ಮೆಯದು, ಅಪಾಯದಿಂದ ಮುಕ್ತವಾದುದೂ ಅಲ್ಲ. ಮೊದಲನೆಯದಾಗಿ ಕಾರನ್ನು ಬರಿಯ ಜಾಕಿನ ಮೇಲೆ ನಿಲ್ಲಿಸಿ ಅಡಿಗೆ ತೂರುವುದು ಪ್ರಾಣಕ್ಕೆ ಎರವು. ಲಿಫ್ಟ್ ಬೇಕು, ಇಲ್ಲವೆ ನೆಲದ ಹೊಂಡ, ಇಲ್ಲವೆ ಗಟ್ಟಿಯಾದ ಸ್ಟ್ಯಾಂಡುಗಳು. ಅಡಿಯ ಕೆಸರನ್ನು ತೊಳೆದು ಪೂರ್ತಿ ಒಣಗಲು ಬಿಡಬೇಕು. ಈ ಊರಿನಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಇದಕ್ಕೆ ಪ್ರಶಸ್ತ. ಬ್ಯಾಟರಿಯ ತಂತಿ ಕಳಚಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಸರಿಯಾದ ಮುಖಗವಸು, ಕೈಗೆ ಗವಸು ಇರಬೇಕು. ಹಳೆಯ ಕಾಲದ ಕೆಲವು ಅಡಿಲೇಪಗಳಲ್ಲಿ ಕಲ್ನಾರಿನ ಎಳೆಗಳೂ ಇರುತ್ತಿದ್ದುದರಿಂದ, ತೀರ ಹಳೆಯ ವಾಹನಗಳ ಲೇಪವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಶ್ವಾಸಕೋಶಕ್ಕೆ ಕೇಡು.

ಲೇಪವನ್ನು ತೆಗೆಯುವ ಮಾರ್ಗಗಳು ಹಲವು. ಬಿಸಿಗಾಳಿಯ ಗನ್ನಿನಿಂದ ಹದವಾಗಿ ಕಾಯಿಸಿ, ಮೆತ್ತಗಾದೊಡನೆ ಸ್ಕ್ರೇಪರಿನಿಂದ ಎಬ್ಬಿಸುವುದು ಸಾಮಾನ್ಯ ಕ್ರಮ. ಸುಡುವಷ್ಟು ಕಾಯಿಸಿದರೆ ಲೇಪ ಹೊಗೆಯುಗುಳುತ್ತದೆ. ಪೆಟ್ರೋಲ್ ಟ್ಯಾಂಕ್ ಮತ್ತು ಬ್ರೇಕಿನ ಕೊಳವೆಗಳು ಪಕ್ಕದಲ್ಲಿಯೇ ಇರುವುದರಿಂದ ಬೆಂಕಿಯ ಜ್ವಾಲೆಯನ್ನಂತೂ ಹತ್ತಿರ ಸುಳಿಯಗೊಡಬಾರದು. ತಂತಿ ಬ್ರಷ್ಷನ್ನು ಗ್ರೈಂಡರಿಗೆ ಸಿಕ್ಕಿಸಿ ತಿರುಗಿಸಿದರೆ ಬಿಟುಮೆನ್ ಬಿಸಿಯೇರಿ ಕರಗಿ ಎಲ್ಲೆಡೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ದಪ್ಪ ಪದರವನ್ನು ಮೊದಲು ಕೈಯಿಂದಲೇ ಎಬ್ಬಿಸಬೇಕು. ಉಳಿದ ಕಪ್ಪು ಕಲೆಯನ್ನು ಟರ್ಪೆಂಟೈನ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬಹುದು. ಆದರೆ ಅದಕ್ಕೆ ಮೊದಲು ತಗಡು ತಣಿದಿರಬೇಕು, ಗಾಳಿಯಾಡುತ್ತಿರಬೇಕು. ಹೊರದೇಶಗಳಲ್ಲಿ ಇಂಗಾಲದ ಡೈ ಆಕ್ಸೈಡಿನ ಮಂಜುಗಡ್ಡೆಯ ಹರಳುಗಳನ್ನು ರಭಸದಿಂದ ಎರಚಿ ಲೇಪವನ್ನು ಉದುರಿಸುವ ಯಂತ್ರಗಳಿವೆ. ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನ ಆ ಶೀತಕ್ಕೆ ಲೇಪ ಪೆಡಸಾಗಿ ಸಿಡಿಯುತ್ತದೆ, ಹರಳು ಆವಿಯಾಗಿ ಹೋಗುತ್ತದೆ. ಬಣ್ಣ ಕಳಚುವ ದ್ರಾವಣಗಳಲ್ಲಿ ಬಳಕೆಯಲ್ಲಿದ್ದ ಮಿಥಿಲೀನ್ ಕ್ಲೋರೈಡ್ ಎಂಬ ರಾಸಾಯನಿಕದ ಬಹುತೇಕ ಉಪಯೋಗಗಳನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ಮುಚ್ಚಿದ ಜಾಗದಲ್ಲಿ ಅದರ ಆವಿಯನ್ನು ಉಸಿರಾಡಿದ ಕೆಲಸಗಾರರು ಸತ್ತದ್ದುಂಟು. ಆದುದರಿಂದ ಬೇಗ ಕಳಚುತ್ತದೆಂಬ ಒಂದೇ ಕಾರಣಕ್ಕೆ ಯಾವ ದ್ರಾವಣವನ್ನೂ ನೆಚ್ಚತಕ್ಕದ್ದಲ್ಲ.

ಇಲ್ಲಿ ಅತ್ಯಂತ ಮುಖ್ಯವಾದ ಗುಣ ವಿವೇಕ. ಕಾರ್ಖಾನೆಯಲ್ಲಿ ಹಚ್ಚಿದ ಮೂಲ ಲೇಪ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ. ಅದನ್ನು ಕೆರೆಯುವುದು ಒಳ್ಳೆಯ ಚರ್ಮವನ್ನು ಸುಲಿದಂತೆ. ಸಡಿಲಾದದ್ದು, ಉಬ್ಬಿದ್ದು, ಬಿರಿದದ್ದು ಇಷ್ಟೇ ಹೋಗಬೇಕು. ತಗಡು ಬೆಳ್ಳಗೆ ಹೊಳೆಯುವವರೆಗೆ ತಂತಿ ಬ್ರಷ್ಷಿನಿಂದ ಉಜ್ಜಿ, ತೂತಾದಲ್ಲಿ ಟಿಂಕರಿಂಗ್ ಮಾಡಿಸಿ, ತುಕ್ಕು ತಡೆಯುವ ಪ್ರೈಮರ್ ಹಾಕಿ, ಅದು ಒಣಗಿದ ಮೇಲಷ್ಟೇ ಹೊಸ ಲೇಪವನ್ನು ತೆಳ್ಳಗೆ ಹಚ್ಚಬೇಕು. ನೀರಿಳಿಯಲೆಂದು ಬಿಟ್ಟಿರುವ ಸಣ್ಣ ತೂತುಗಳನ್ನು ಲೇಪ ಮುಚ್ಚಿಬಿಡಬಾರದು. ಮುಚ್ಚಿದರೆ ಒಳಗೆ ಸೇರಿದ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ.

ಗ್ಯಾರೇಜಿನಲ್ಲಿ ಕೆಲಸ ಆರಂಭವಾಗುವ ಮುನ್ನ ಆ ಹಿರಿಯರು ಒಂದು ಮೆತ್ತನೆಯ ಬ್ರಷ್ ತಂದಿದ್ದರು. ಬಹಳ ದಿನ ನಿಂತ ವಾಹನದ ಅಡಿಯಲ್ಲಿ ಇರುವೆ, ಜೇಡ, ಮಣ್ಣಿನ ಗೂಡು ಕಟ್ಟುವ ಕಣಜಗಳು ಸೇರಿಕೊಂಡಿರುತ್ತವೆ. ಬಿಸಿಗಾಳಿಗೂ ಸೀಮೆಎಣ್ಣೆಗೂ ಮೊದಲು ಅವುಗಳನ್ನು ಮೆಲ್ಲನೆ ಸರಿಸಿ ಬಿಡಲು ಕಾಲು ಗಂಟೆ ಸಾಕು. ಕೆರೆದ ಚೂರುಗಳು ನೆಲಕ್ಕೆ ಬೀಳದಂತೆ ಟಾರ್ಪಾಲಿನ ಮೇಲೆ ಕೂಡಿಹಾಕಿ, ಎಣ್ಣೆ ಹೀರಿದ ಬಟ್ಟೆಗಳೊಂದಿಗೆ ಪ್ರತ್ಯೇಕ ಡಬ್ಬಿಯಲ್ಲಿಡುವಂತೆಯೂ ಅವರು ಹೇಳಿದರು. ಅಪಾಯಕಾರಿ ತ್ಯಾಜ್ಯಗಳ ಕುರಿತು 2016ರ ನಿಯಮಗಳಿವೆ, ನಿಜ. ಆದರೆ ಗ್ಯಾರೇಜಿನ ಅಂಗಳ ತೊಳೆದ ನೀರು ಹರಿಯುವುದು ಯಾರದೋ ಅಡಿಕೆ ತೋಟದ ಕಣಿಗೆ, ಅಲ್ಲಿಂದ ತೋಡಿಗೆ ಎಂಬುದನ್ನು ಅರಿಯಲು ನಿಯಮಾವಳಿ ಬೇಕಾಗಿಲ್ಲ. ಒಬ್ಬನ ಕಾರು ಶುದ್ಧವಾಗುವುದಕ್ಕೆ ಇನ್ನೊಬ್ಬನ ಮೀನು, ಕಪ್ಪೆ, ಬಾವಿಯ ನೀರು ಬೆಲೆ ತೆರಬಾರದು.

ಎರಡು ದಿನ ಕೆರೆದ ಮೇಲೆ ಕಂಡದ್ದೇನು? ಅಡಿಭಾಗದ ಮುಕ್ಕಾಲು ಪಾಲು ಚೆನ್ನಾಗಿಯೇ ಇತ್ತು. ಚಾಲಕನ ಕಾಲಿನ ಕೆಳಗಿನ ತಗಡಿನಲ್ಲಿ ಅಂಗೈಯಗಲ ತೂತು. ಬಾಗಿಲಿನ ಕೆಳಗಿನ ಅಂಚು ಒಂದೆಡೆ ಬೆರಳಿನಿಂದ ಒತ್ತಿದರೆ ಕುಸಿಯುವಂತಿತ್ತು. ಹಿಂಬದಿಯ ಬ್ರೇಕಿನ ಕೊಳವೆಯೊಂದು ಲೇಪದ ಮರೆಯಲ್ಲಿ ಹಿಟ್ಟುಹಿಟ್ಟಾಗಿ ತುಕ್ಕು ಹಿಡಿದಿತ್ತು. ಜೀಪಿನಂಥ ವಾಹನಗಳಿಗೆ ಪ್ರತ್ಯೇಕ ಚಾಸಿಯಿರುತ್ತದೆ. ಸಣ್ಣ ಕಾರಿನಲ್ಲಿ ತಗಡಿನ ಒಡಲೇ ಚಾಸಿ. ಅದರ ನೆಲದ ತಗಡಿನ ದಪ್ಪ ಹೆಚ್ಚೆಂದರೆ ಒಂದು ಮಿಲಿಮೀಟರಿನ ಆಸುಪಾಸು. ಆಸನಗಳೂ ಸೀಟ್ ಬೆಲ್ಟುಗಳೂ ಆ ಒಡಲನ್ನೇ ಹಿಡಿದುಕೊಂಡಿರುತ್ತವೆ. ಘಾಟಿಯ ಇಳಿಜಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬ್ರೇಕ್ ಒತ್ತುವ ಒಬ್ಬ ತಂದೆಯ ಕಾಲಿಗೂ ಚಕ್ರಕ್ಕೂ ನಡುವೆ ಇದ್ದದ್ದು ಆ ಕೊಳವೆ. ಅದರ ಮೇಲೆ ಇನ್ನೊಂದು ಕಪ್ಪು ಲೇಪ ಬಿದ್ದಿದ್ದರೆ ನೋಡಿದವರಿಗೆಲ್ಲ ಅದು ಹೊಸದರಂತೆ ಕಾಣುತ್ತಿತ್ತು.

ಕೊಳವೆ ಬದಲಾಯಿತು, ತಗಡಿಗೆ ಬೆಸುಗೆಯಾಯಿತು, ಪ್ರೈಮರ್ ಬಿತ್ತು. ಕೆರೆದಾಗ ತೆಗೆದ ಚಿತ್ರಗಳನ್ನೂ ಗ್ಯಾರೇಜಿನ ಬಿಲ್ಲನ್ನೂ ಹಿರಿಯರು ಕೊಳ್ಳುವವರ ಮುಂದಿಟ್ಟರು. ಅವರು ಚಿತ್ರಗಳನ್ನು ನೋಡಿ ಗಾಬರಿಗೊಂಡು, ವಿನಯದಿಂದಲೇ ಬೇಡವೆಂದು ಹೋದರು. ಬೇರೆಡೆ ಅಷ್ಟೇ ಹಳೆಯದಾದ, ಅಡಿಯಲ್ಲಿ ಕಪ್ಪಗೆ ಮಿರುಗುವ ಕಾರೊಂದನ್ನು ಅವರು ಕೊಂಡರೆಂದು ಆಮೇಲೆ ತಿಳಿಯಿತು. ಈ ಕಾರು ಒಂದೂವರೆ ತಿಂಗಳು ಅಂಗಳದಲ್ಲಿಯೇ ನಿಂತು, ಕೊನೆಗೆ ಎಲ್ಲವನ್ನೂ ಕೇಳಿ ತಿಳಿದ ಇನ್ನೊಬ್ಬರಿಗೆ ಮೊದಲಿನ ಮಾತಿಗಿಂತ ಕಡಿಮೆ ಕ್ರಯಕ್ಕೆ ಹೋಯಿತು. ದುರಸ್ತಿಯ ಖರ್ಚೂ ಕೈಯಿಂದಲೇ. ಸತ್ಯ ಹೇಳಿದವರಿಗೆ ಕೂಡಲೇ ಲಾಭವಾಗುತ್ತದೆಂಬ ಕಥೆಗಳನ್ನು ಮಕ್ಕಳಿಗೆ ಹೇಳುವುದುಂಟು. ವ್ಯಾಪಾರದಲ್ಲಿ ಕೂದಲು ನರೆತವರು ಅಂತಹ ಭರವಸೆ ಕೊಡುವುದಿಲ್ಲ. ಸತ್ಯಕ್ಕೆ ಬೆಲೆಯುಂಟು, ಅನೇಕ ಸಲ ಅದನ್ನು ತೆರಬೇಕಾದವನು ಸತ್ಯವನ್ನಾಡಿದವನೇ.

ಹಾಗಾದರೆ ಕಾನೂನು ಏನೆನ್ನುತ್ತದೆ? 1872ರ ಭಾರತೀಯ ಕರಾರು ಅಧಿನಿಯಮದ 17ನೇ ಪ್ರಕರಣವು ಸಂಗತಿಯೊಂದನ್ನು ಬಲ್ಲವನು ಅದನ್ನು ಕ್ರಿಯಾಪೂರ್ವಕವಾಗಿ ಮರೆಮಾಚುವುದನ್ನು ಮೋಸಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಬರಿಯ ಮೌನ ಸಾಮಾನ್ಯವಾಗಿ ಮೋಸವಲ್ಲವೆಂದೂ ಅಲ್ಲಿಯೇ ವಿವರಣೆಯಿದೆ. ಅದಕ್ಕೆ ಕೊಟ್ಟ ಉದಾಹರಣೆ ಕುದುರೆಯದು. ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ದೋಷದ ಮಾತೆತ್ತದಿದ್ದರೆ ಅದು ಮೋಸವಾಗದು. ಕೊಳ್ಳುವವಳು ಅವನದೇ ಮಗಳು, ಆಗಷ್ಟೇ ಪ್ರಾಪ್ತವಯಸ್ಕಳಾದವಳು ಎಂದಾದರೆ ಹೇಳುವುದು ಅವನ ಕರ್ತವ್ಯ. 1930ರ ಸರಕು ಮಾರಾಟ ಅಧಿನಿಯಮವೂ ಕೆಲವು ಅಪವಾದಗಳನ್ನು ಬಿಟ್ಟರೆ ಕೊಳ್ಳುವವನೇ ಎಚ್ಚರದಿಂದಿರಲಿ ಎಂಬ ತತ್ತ್ವವನ್ನೇ ಹಿಡಿದಿದೆ. ತುಕ್ಕು ಕಂಡೂ ಸುಮ್ಮನಿರುವುದು ಹರಾಜಿನ ಕುದುರೆಯ ಬಗೆ. ತುಕ್ಕಿನ ಮೇಲೆ ಬೇಕೆಂದೇ ಲೇಪ ಬಳಿಯುವುದು ಕ್ರಿಯಾಪೂರ್ವಕ ಮರೆಮಾಚುವಿಕೆ. ಮೊದಲನೆಯದನ್ನು ಕಾನೂನು ಸಹಿಸಬಹುದು, ಎರಡನೆಯದನ್ನು ಸಹಿಸದು.

ಶ್ರಾವಕನ ಅಳತೆಗೋಲು ಇದಕ್ಕಿಂತ ಸೂಕ್ಷ್ಮವಾದುದು. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ, ಎಂದರೆ ಒಂದನ್ನು ಇನ್ನೊಂದರಂತೆ ತೋರಿಸಿ ಮಾರುವುದು. ಅಡಿಕೆಯ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಚಾಲಿಯ ಮೂಟೆಯ ಬಾಯಲ್ಲಿ ಒಳ್ಳೆಯ ಅಡಿಕೆ ಹರಡಿ ಒಳಗೆ ಪಟೋರ, ಕರಿಗೋಟು ತುಂಬುವವನು ಯಾವ ಸುಳ್ಳು ಮಾತನ್ನೂ ಆಡಿರುವುದಿಲ್ಲ. ಮೂಟೆಯೇ ಅವನ ಪರವಾಗಿ ಸುಳ್ಳಾಡುತ್ತದೆ. ಕಾರಿನ ಹೊಸ ಲೇಪವೂ ಹಾಗೆಯೇ. ಸತ್ಯಾಣುವ್ರತವನ್ನು ನಾಲಗೆಗೆ ಮಾತ್ರ ಸೀಮಿತಗೊಳಿಸಿದರೆ ಕೈಗಳು ಅದನ್ನು ಎಗ್ಗಿಲ್ಲದೆ ಮುರಿಯುತ್ತವೆ. ವಾಣಿಜ್ಯಶಾಸ್ತ್ರ ಓದಿದವರಿಗೆ ಇನ್ನೊಂದು ರೀತಿಯಲ್ಲಿಯೂ ಇದನ್ನು ಹೇಳಬಹುದು. ಸವಕಳಿಯನ್ನು ಲೆಕ್ಕದಲ್ಲಿ ಬರೆಯದಿದ್ದ ಮಾತ್ರಕ್ಕೆ ಯಂತ್ರ ಸವೆಯದೆ ಉಳಿಯುವುದಿಲ್ಲ. ಆಸ್ತಿಪಟ್ಟಿಯಲ್ಲಿ ಸುಳ್ಳು ಸೇರುತ್ತದೆ, ನಷ್ಟ ಮುಂದಿನ ವರ್ಷಕ್ಕೆ, ಇಲ್ಲವೆ ಮುಂದಿನ ಮಾಲೀಕನಿಗೆ ದಾಟುತ್ತದೆ. ಆ ಹಿರಿಯರಿಗೆ ಆದ ನಷ್ಟ ಕಾರನ್ನು ಕೆರೆದುದರಿಂದ ಆದದ್ದಲ್ಲ. ಅದು ಹದಿನಾಲ್ಕು ಮಳೆಗಾಲಗಳಲ್ಲಿ ಆಗಿಹೋಗಿದ್ದ ನಷ್ಟ. ಕೆರೆದಾಗ ಅದು ಲೆಕ್ಕಕ್ಕೆ ಬಂತು, ಅಷ್ಟೇ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ದೇಶಗಳು ಈ ಪಾಠವನ್ನು ಬೇಗ ಕಲಿತವು. ಬ್ರಿಟನ್ನಿನಲ್ಲಿ 1960ರಲ್ಲಿ ಆರಂಭವಾದ ಎಂಒಟಿ ತಪಾಸಣೆಯು ಈಗ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷವೂ ನಡೆಯುತ್ತದೆ. ಅಡಿಭಾಗದ ತುಕ್ಕನ್ನು ಒತ್ತಿ ಬಡಿದು ನೋಡುವುದು ಅದರ ಒಂದು ಅಂಗ. ಈ ದೇಶದಲ್ಲಿ ಖಾಸಗಿ ಕಾರಿಗೆ ಕಡ್ಡಾಯ ಕ್ಷಮತೆಯ ತಪಾಸಣೆ ಬರುವುದು ಹದಿನೈದು ವರ್ಷಗಳ ಮೇಲೆ. ನಡುವಿನ ವರ್ಷಗಳಲ್ಲಿ ಕಾವಲಿರುವುದು ಮಾಲೀಕನ ಕಣ್ಣು, ಮಾರುವಾಗ ಅವನ ಮನಸ್ಸಾಕ್ಷಿ.

ಬಸದಿಗಳ ಆಡಳಿತ ಮಂಡಳಿಗಳೂ ಟ್ರಸ್ಟುಗಳೂ ಇದನ್ನು ಗಮನಿಸುವುದು ಒಳ್ಳೆಯದು. ದಾನವಾಗಿ ಬಂದ ವ್ಯಾನು, ಯಾತ್ರೆಗೆ ಜನರನ್ನು ಕರೆದೊಯ್ಯುವ ಜೀಪು, ಹರಾಜಿಗೆ ಹೋಗುವ ಹಳೆಯ ಕಾರು ಇವೆಲ್ಲ ಹತ್ತಾರು ಜನರ ಪ್ರಾಣಕ್ಕೆ ಸಂಬಂಧಪಟ್ಟವು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ವಾಹನವನ್ನು ಎತ್ತಿಸಿ ಅಡಿಯನ್ನು ನೋಡುವುದು, ಉಬ್ಬಿದ ಲೇಪವನ್ನು ಕೆರೆಸಿ ಸರಿಪಡಿಸುವುದು, ಮಾರುವಾಗ ಮಾಡಿದ ದುರಸ್ತಿಯನ್ನೂ ಉಳಿದ ದೋಷವನ್ನೂ ಒಂದು ಹಾಳೆಯಲ್ಲಿ ಬರೆದು ಕೊಡುವುದು, ಇಷ್ಟನ್ನು ಪದ್ಧತಿಯಾಗಿ ಇಟ್ಟುಕೊಳ್ಳಬಹುದು. ಕೊಳ್ಳುವಾಗ ಅಡಿಯಲ್ಲಿ ಲೇಪ ಹೊಸದಾಗಿ ಮಿರುಗುತ್ತಿದ್ದರೆ ಸಂತೋಷಪಡುವ ಮುನ್ನ ಅದರ ಕೆಳಗೇನಿದೆಯೆಂದು ಕೇಳಬೇಕು. ಕುಂಬ್ರದ ಆ ಮನೆಯ ಮಗ ಕಾರಿನ ನಷ್ಟದ ಬಗ್ಗೆ ಬಹುಕಾಲ ಗೊಣಗುತ್ತಿದ್ದನಂತೆ. ಆದರೆ ತೋಟದ ಕೆಲಸಕ್ಕೆ ಹಳೆಯ ಪಿಕಪ್ ಒಂದನ್ನು ನೋಡಲು ಹೋದಾಗ ಅವನು ಮೊದಲು ಕೇಳಿದ್ದು ವಾಹನವನ್ನು ಹೊಂಡದ ಮೇಲೆ ನಿಲ್ಲಿಸಲು. ಜೇಬಿನಲ್ಲಿ ಒಂದು ಸ್ಕ್ರೂಡ್ರೈವರನ್ನೂ ಒಯ್ದಿದ್ದನು.

ತತ್ತ್ವಾರ್ಥಸೂತ್ರದ ಕೊನೆಯ ಅಧ್ಯಾಯದಲ್ಲಿ ಮುಕ್ತಜೀವದ ಊರ್ಧ್ವಗಮನಕ್ಕೆ ಕೊಟ್ಟಿರುವ ಹೋಲಿಕೆಗಳಲ್ಲಿ ಒಂದು ಸೋರೆಯ ಬುರುಡೆಯದು. ಮಣ್ಣಿನ ಲೇಪದ ಭಾರದಿಂದ ನೀರಿನಡಿಗೆ ಮುಳುಗಿದ್ದ ಬುರುಡೆ ಲೇಪ ಕಳಚಿದೊಡನೆ ತನ್ನ ಸ್ವಭಾವದಿಂದಲೇ ಮೇಲೇಳುತ್ತದೆ. ಸೋರೆಬುರುಡೆಗೆ ಲೇಪ ಹೊರಗಿನಿಂದ ಅಂಟಿದ್ದು. ಮನುಷ್ಯನು ತನ್ನ ದೋಷಗಳಿಗೆ ಬಳಿದುಕೊಳ್ಳುವ ಲೇಪ ತಾನೇ ಕೊಂಡು ತಂದದ್ದು. ಅದನ್ನು ಕೆರೆಯುವಾಗ ಧೂಳೇಳುತ್ತದೆ, ಕೈ ಕಪ್ಪಾಗುತ್ತದೆ, ಕಾಣಬಾರದೆಂದುಕೊಂಡ ತೂತುಗಳು ಕಾಣುತ್ತವೆ. ಆದರೆ ಬೆಸುಗೆ ಹಿಡಿಯುವುದು ಹಾಗೆ ಬೆಳ್ಳಗಾದ ತಗಡಿಗೆ ಮಾತ್ರ.